ರಟ್ಟಿನ ಪೆಟ್ಟಿಗೆಗಳನ್ನು ಮುಖ್ಯ ತರಬೇತುದಾರರ ಕಣ್ಣಿಗೆ ಬೀಳದಂತೆ ಇಡುವ ಬಗ್ಗೆ

ಓದಲಾಗಿದೆ (ಬರವಣಿಗೆಯಲ್ಲಿ ಏನೂ ಇಲ್ಲದ ಕಾರಣ, ಕೇಳಿಸಿಕೊಳ್ಳಲಾಗಿದೆ):

(1) “ಆ ಪೆಟ್ಟಿಗೆ ಇನ್ನೂ ಉಳ್ಕೊಂಡಿದ್ಯಾ ಮಿಸ್ ಲುವೆಲ್ಲಾ? ಜಾಸ್ತಿ ಬೇಡ, ನಾಲ್ಕು ಸಾಕು.” ಕ್ರೀಡಾ ನಿರ್ದೇಶಕರಾದ ಮಿಸ್ಟರ್ ಹಾಲಿಸ್ ವ್ಯಾನ್‌ಡೈವರ್ ಅವರ ಮೌಖಿಕ ಕೋರಿಕೆ, ಇದೇ ಸೋಮವಾರ ಬೆಳಿಗ್ಗೆ 8.45ಕ್ಕೆ, ಬಾಗಿಲಿನಿಂದ ತಲೆಯನ್ನಷ್ಟೇ ಒಳಗೆ ಹಾಕಿ ಹೇಳಿದ್ದು.

(2) ಸದರಿ ಕೋರಿಕೆಗೆ ಕಚೇರಿ ಅಧೀಕ್ಷಕಿಯ ಪ್ರತ್ಯುತ್ತರ: “ಯಾತಕ್ಕೆ ಮಿಸ್ಟರ್ ಹಾಲಿಸ್?”

(3) ಸದರಿ ಪ್ರಶ್ನೆಗೆ ನಿರ್ದೇಶಕರ ಸ್ಪಷ್ಟೀಕರಣ: “ಸುಮ್ನೆ.”

ಪ್ರಸ್ತಾವನೆ:

ನೀಲಿ ಕೊಕ್ಕರೆ ಎಂಬ ಹೆಸರಿನಲ್ಲಿ ಆಡುವ ಈ ವಿಶ್ವವಿದ್ಯಾಲಯದ, ಕಾಲಿಗಿಂತ ಕೈಯನ್ನೇ ಹೆಚ್ಚು ಬಳಸುವ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಕಳೆದ ಇಪ್ಪತ್ತಾರು ವರ್ಷಗಳಲ್ಲಿ ಒಂಬತ್ತು ಮಂದಿ ಮುಖ್ಯ ತರಬೇತುದಾರರು ಬಂದಿದ್ದು, ಎಂಟು ಮಂದಿ ಹೋಗಿರುತ್ತಾರೆ. ಇದೇ ಅವಧಿಯಲ್ಲಿ ಕಚೇರಿ ಅಧೀಕ್ಷಕಿ ಒಬ್ಬರೇ ಇದ್ದು, ಕಾಫಿ ಯಂತ್ರ ಎರಡೇ ಬಾರಿ ಬದಲಾಗಿರುತ್ತದೆ. ಅಧೀಕ್ಷಕಿ ಎಂದರೆ ಈ ಸುತ್ತೋಲೆಯ ಕೆಳಗೆ ಸಹಿ ಮಾಡಿರುವ ಶ್ರೀಮತಿ ಲುವೆಲ್ಲಾ ಥ್ರ್ಯಾಶರ್. ಮೂವರು ಮೊಮ್ಮಕ್ಕಳಿದ್ದರೂ ಊರಿನವರ ಬಾಯಲ್ಲಿ ಇವರು ಮಿಸ್ ಲುವೆಲ್ಲಾ.

ಒಂಬತ್ತನೆಯವರಾದ ಕೋಚ್ ರಾಯ್ಸ್ ಟಿಲ್ಲರಿ ಅವರಿಗೆ ಇದು ಮೂರನೇ ವರ್ಷ. ಈ ಸಾಲಿನ ಹನ್ನೆರಡು ಪಂದ್ಯಗಳಲ್ಲಿ ಐದು ಗೆದ್ದು ಏಳು ಸೋತಿರುತ್ತಾರೆ. ಏಳನೆಯದನ್ನು ಮೊನ್ನೆ ಶನಿವಾರ ಸೋತರು. ಹೀಗಾಗಿ ನಿರ್ದೇಶಕರು ಕೇಳಿರುವ ನಾಲ್ಕು ಪೆಟ್ಟಿಗೆ ಯಾರಿಗೆ ಎಂಬುದು ಅಧೀಕ್ಷಕಿಗೆ ಆ ಕ್ಷಣವೇ ಅರ್ಥವಾಗಿರುತ್ತದೆ. ಅರ್ಥವಾಗದವರಂತೆ ಮುಖ ಮಾಡಿ, “ಪೆಟ್ಟಿಗೆ ಕೊಡೋಕೆ ಈಗ ಸುತ್ತೋಲೆ ಬೇಕು ಮಿಸ್ಟರ್ ಹಾಲಿಸ್. ಒಂದು ಗಂಟೆ ಟೈಮ್ ಕೊಡಿ, ಬರೆದು ತರ್ತೀನಿ, ನೀವು ಸಹಿ ಹಾಕಿದ್ರಾಯ್ತು” ಎಂದು ಹೇಳಲಾಗಿ, ನಿರ್ದೇಶಕರು “ಬೇಗ ಮಾಡಿ ಮತ್ತೆ” ಎಂದು ತಲೆ ಹೊರಗೆ ತೆಗೆದುಕೊಂಡಿರುತ್ತಾರೆ. ಅದರಂತೆ ಈ ಸುತ್ತೋಲೆ.

ಸುತ್ತೋಲೆ ಸಂಖ್ಯೆ: ಕ್ರೀಇ/ಫುವಿ/ರಪೆ/9
ಸೈಪ್ರೆಸ್ ಫೋರ್ಕ್, ಅಲಬಾಮಾ
ದಿನಾಂಕ: ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ

1. ಈ ಮೂಲಕ ಸಮಸ್ತ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ‘ಪೆಟ್ಟಿಗೆ’ ಎಂದರೆ ಆರು ಮುಖಗಳುಳ್ಳ, ಮಡಚಬಹುದಾದ, ಒಳಗೆ ಒಂದು ಕುಟುಂಬದ ಫೋಟೋ, ಒಂದು ಕಾಫಿ ಲೋಟ, ಎರಡು ಟೋಪಿ ಹಾಗೂ ಒಂದು ಸೀಟಿ ಹಿಡಿಯುವಷ್ಟು ಜಾಗವಿರುವ ರಟ್ಟಿನ ವಸ್ತು. ಬೂಟಿನ ಡಬ್ಬ ಈ ವ್ಯಾಖ್ಯೆಗೆ ಒಳಪಡುವುದಿಲ್ಲ. ಪಿಜ್ಜಾ ಡಬ್ಬ ಒಳಪಡುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ಉಪಸಮಿತಿಗೆ ವಹಿಸಲಾಗಿದ್ದು, ಅದರ ಸದಸ್ಯರು ಸದ್ಯ ಪಿಜ್ಜಾ ತರಿಸಿಕೊಂಡು ಪರಿಶೀಲಿಸುತ್ತಿದ್ದಾರೆ.

2. ನವೆಂಬರ್ 1ರಿಂದ ಡಿಸೆಂಬರ್ 15ರವರೆಗೆ ಯಾವುದೇ ಪೆಟ್ಟಿಗೆಯನ್ನು ಫುಟ್‌ಬಾಲ್ ಕಟ್ಟಡದ ಮುಂಬಾಗಿಲಿನಿಂದ ಒಳಗೆ ತರತಕ್ಕದ್ದಲ್ಲ. ಹಿಂಬಾಗಿಲಿನಿಂದ ತರುವಾಗಲೂ ಟಾರ್ಪಾಲು ಹೊದಿಸಿ, ನಗುನಗುತ್ತ ತರತಕ್ಕದ್ದು. ದಾರಿಹೋಕರು ಯಾರಾದರೂ “ಏನದು?” ಎಂದು ಕೇಳಿದಲ್ಲಿ “ಹೆಲ್ಮೆಟ್ಟು” ಎಂದು ಉತ್ತರಿಸುವುದು. “ಏನಿಲ್ಲ” ಎಂದು ಯಾವ ಕಾರಣಕ್ಕೂ ಉತ್ತರಿಸಕೂಡದು. ಈ ಊರಿನಲ್ಲಿ ಏನಿಲ್ಲ ಎಂದರೆ ಏನೋ ಇದೆ ಎಂದೇ ಎಲ್ಲರೂ ತಿಳಿಯುತ್ತಾರೆ.

3. ಪೆಟ್ಟಿಗೆಗೆ ಹಚ್ಚುವ ಅಗಲ ಟೇಪನ್ನು ಎಳೆಯುವಾಗ ಬರುವ ಸದ್ದು ಗೋಡೆ ದಾಟಿ ಮೂರು ಕೋಣೆಗಳಿಗೆ ಕೇಳಿಸುವುದೆಂದೂ, ಕೇಳಿಸಿದ ತಕ್ಷಣ ಸಹಾಯಕ ತರಬೇತುದಾರರು ಹೆಂಡತಿಯರಿಗೆ ಫೋನ್ ಮಾಡಿ “ಮಕ್ಕಳ ಶಾಲೆ ಫೀಸು ಈಗಲೇ ಕಟ್ಬೇಡ” ಎನ್ನುವರೆಂದೂ ಕಂಡುಬಂದಿದೆ. ಆದ್ದರಿಂದ ಸದರಿ ಅವಧಿಯಲ್ಲಿ ಕಟ್ಟಡದೊಳಗೆ ಟೇಪಿನ ಸದ್ದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಅನಿವಾರ್ಯವಾದಲ್ಲಿ ವಾದ್ಯವೃಂದದವರು ಡೋಲು ಬಾರಿಸುವ ಹೊತ್ತು ನೋಡಿಕೊಂಡು ಎಳೆಯುವುದು.

4. ನಿರ್ದೇಶಕರು ಯಾವ ಸುತ್ತೋಲೆಯನ್ನೂ ಮೂರನೇ ಅಂಶದಿಂದಾಚೆಗೆ ಓದಿದ ನಿದರ್ಶನ ಇಪ್ಪತ್ತಾರು ವರ್ಷಗಳಲ್ಲಿ ಇರುವುದಿಲ್ಲ. ಇವರಿಗಿಂತ ಹಿಂದಿನ ನಾಲ್ವರು ನಿರ್ದೇಶಕರೂ ಓದುತ್ತಿರಲಿಲ್ಲ. ಕಾರಣ, ಮುಖ್ಯ ವಿಷಯವನ್ನು ಇಲ್ಲಿಂದ ಮುಂದಕ್ಕೆ ಹೇಳಲಾಗಿದೆ. ಸಿಬ್ಬಂದಿ ನಿಶ್ಚಿಂತೆಯಿಂದ ಓದಬಹುದು.

5. ಹಬ್ಬಕ್ಕೆ ಮನೆಗೆ ಹೋಗಲಾರದ ಆಟಗಾರರಿಗೆ ಅಧೀಕ್ಷಕಿಯವರು ಪ್ರತಿ ವರ್ಷ ಸಿಹಿಗೆಣಸಿನ ಪೈ (ಹಿಟ್ಟಿನ ಬಟ್ಟಲಲ್ಲಿ ಗೆಣಸಿನ ಹೂರಣ ತುಂಬಿ ಒಲೆಯಲ್ಲಿ ಬೇಯಿಸುವ ತಿಂಡಿ) ಮಾಡಿ ಕಳಿಸುವುದು ವಾಡಿಕೆ. ಹುಡುಗರು ದೂರದೂರದವರು, ಒಬ್ಬೊಬ್ಬನ ತೂಕ ಒಂದೊಂದು ಕರುವಿನಷ್ಟು, ಒಬ್ಬನಿಗೆ ಒಂದು ಪೂರ್ತಿ ಪೈ ಬೇಕೇ ಬೇಕು. ಈ ಸಾಲಿನಲ್ಲಿ ಅಂಥವರು ನಲವತ್ತು ಮಂದಿ. ಅಂಗಡಿಯವನು ಐವತ್ತರ ಕಟ್ಟು ಒಡೆಯುವುದಿಲ್ಲ ಎಂದದ್ದರಿಂದ ಕಳೆದ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಐವತ್ತು ಪೆಟ್ಟಿಗೆ ಬಂದವು. ಹಿಂಬಾಗಿಲಿನ ಬೀಗದ ಕೈ ನಿರ್ವಹಣಾ ಸಿಬ್ಬಂದಿಯಾದ ಶ್ರೀ ಅರ್ಲಿಸ್ ಅವರ ಜೇಬಿನಲ್ಲಿತ್ತು. ಅರ್ಲಿಸ್ ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದುಕೊಂಡಿದ್ದರು. ಹೀಗಾಗಿ ಅಧೀಕ್ಷಕಿಯವರು ಖುದ್ದಾಗಿ, ಹಾಡೊಂದನ್ನು ಗುನುಗುತ್ತ, ಮುಂಬಾಗಿಲಿನಿಂದ ನಾಲ್ಕು ಸಲ ಓಡಾಡಿ ಪೆಟ್ಟಿಗೆ ಸಾಗಿಸಿದರು. ಉಗ್ರಾಣ ಸೋರುತ್ತಿದ್ದುದರಿಂದ ಮಹಡಿಯ ಮೇಲೆ, ಬೆಚ್ಚಗಿನ ಒಂದೇ ಜಾಗದಲ್ಲಿ, ಅಂದರೆ ಕೋಚ್ ಟಿಲ್ಲರಿಯವರ ಕೋಣೆಯ ಬಾಗಿಲಿನ ಪಕ್ಕದಲ್ಲಿ, ಸೊಂಟದೆತ್ತರಕ್ಕೆ ಒಟ್ಟಿ ಇಟ್ಟರು. ಆಗ ತಂಡ ಐದು ಗೆದ್ದು ಆರು ಸೋತಿತ್ತು. ಒಂದು ಪಂದ್ಯ ಬಾಕಿ ಇತ್ತು. ಇಪ್ಪತ್ತಾರು ವರ್ಷ ಅನುಭವವಿದ್ದವರಿಗೆ ಅಷ್ಟೂ ಹೊಳೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೊಳೆಯಲಿಲ್ಲ. ತಲೆಯಲ್ಲಿ ಗೆಣಸು ಇತ್ತು.

6. ಮಧ್ಯಾಹ್ನ ಹನ್ನೆರಡಕ್ಕೆ ಊರಿನ ರೇಡಿಯೋದಲ್ಲಿ ಅಭಿಮಾನಿಗಳು ಫೋನ್ ಮಾಡುವ ಕಾರ್ಯಕ್ರಮದಲ್ಲಿ ಗ್ಯಾರೇಜಿನ ಹಾರ್ಲನ್ ಎಂಬವರು ಈ ಕೆಳಕಂಡಂತೆ ನುಡಿದದ್ದು ದಾಖಲಾಗಿದೆ: “ಅಣ್ಣಾ, ಟಿಲ್ಲರಿ ಹೋದ. ನನ್ ಕಣ್ಣಾರೆ ನೋಡ್ದೆ. ಮಿಸ್ ಲುವೆಲ್ಲಾ ಪೆಟ್ಟಿಗೆ ಹೊತ್ಕೊಂಡು ಹೋಗ್ತಿದ್ರು. ಹಾಡ್ಕೊಂಡು!” ಕಾರ್ಯಕ್ರಮ ನಡೆಸುವವರು “ಹಾಡ್ಕೊಂಡಾ? ಯಾವ್ ಹಾಡು?” ಎಂದು ಕೇಳಿದ್ದಕ್ಕೆ, “ಚರ್ಚಿನ ಹಾಡು. ಹೆಣದ ಮುಂದೆ ಹಾಡೋದಲ್ವಾ, ಅದು” ಎಂದು ಹಾರ್ಲನ್ ಉತ್ತರಿಸಿರುತ್ತಾರೆ. ಅದು ಸುಗ್ಗಿಗೆ ಹಾಡುವ ಹಾಡೆಂದು ಅಧೀಕ್ಷಕಿ ಈ ಮೂಲಕ ಸ್ಪಷ್ಟಪಡಿಸುತ್ತಾರೆ. ರಾಗ ಅಷ್ಟು ಕೆಟ್ಟದಾಗಿತ್ತೇ ಎಂಬುದು ಬೇರೆ ವಿಚಾರ.

ಇದೇ ದಿನ ತಂಡದ ದಾನಿಯೊಬ್ಬರ ಪುಟ್ಟ ವಿಮಾನ ಟೆನೆಸ್ಸಿಗೆ ಹೋಗಿ ಬಂದಿತು. ಅಭಿಮಾನಿಗಳು ವಿಮಾನ ಎಲ್ಲಿ ಹಾರುತ್ತಿದೆ ಎಂಬುದನ್ನು ಫೋನಿನಲ್ಲಿ ನೋಡಿಕೊಂಡೇ ಊಟ ಮಾಡುವವರು. ಹತ್ತನೇ ಕೋಚನ್ನು ಕರೆತರಲು ಹೋಗಿದೆ ಎಂದು ತೀರ್ಮಾನವಾಗಿ, ಮೂವತ್ತು ಮಂದಿ ಹೂಗುಚ್ಛ ಹಿಡಿದು ವಿಮಾನ ಇಳಿಯುವ ಬಯಲಿಗೆ ಹೋದರು. ಇಳಿದದ್ದು ಬಾತುಬೇಟೆಗೆಂದು ಕೊಂಡ ಒಂದು ನಾಯಿ. ಬರಿಗೈಯಲ್ಲಿ ಮರಳುವುದು ಬೇಡವೆಂದು ಅದಕ್ಕೇ ಜಯಕಾರ ಹಾಕಿ ಬಂದರೆಂದು ತಿಳಿದುಬಂದಿದೆ. ಇನ್ನು ಮುಂದೆ ದಾನಿಗಳು ನಾಯಿಗಳನ್ನು ರಸ್ತೆ ಮೂಲಕವೇ ತರಿಸಿಕೊಳ್ಳತಕ್ಕದ್ದು.

7. ಮಧ್ಯಾಹ್ನ ಎರಡಕ್ಕೆ ಕೋಚ್ ಟಿಲ್ಲರಿಯವರು ಆಟದ ಚಿತ್ರ ನೋಡುವ ಕತ್ತಲೆ ಕೋಣೆಯಿಂದ ಕಣ್ಣುಜ್ಜಿಕೊಳ್ಳುತ್ತ ಹೊರಬಂದು ಪೆಟ್ಟಿಗೆಗಳ ಮುಂದೆ ನಿಂತರು. ಅಧೀಕ್ಷಕಿ ಮೆಟ್ಟಿಲ ಬಳಿ ಫೋನಿನಲ್ಲಿ ಗೆಣಸಿನವನ ಜೊತೆ ಜಗಳದಲ್ಲಿದ್ದರು. ಕೋಚ್ ನಾಲ್ಕು ಬೆರಳು ತೋರಿಸಿದರು. ಅಧೀಕ್ಷಕಿ, ಪಾಪ ಪೈ ಹಂಚಲು ಕೈಜೋಡಿಸುತ್ತಿದ್ದಾರೆ ಎಂದುಕೊಂಡು, ತಗೊಳ್ಳಿ ತಗೊಳ್ಳಿ ಎಂದು ಕೈ ಬೀಸಿದರು. ಕೋಚ್ ಟೋಪಿ ತೆಗೆದು ವಂದಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಂಶ 3ರಲ್ಲಿ ಹೇಳಿರುವ ಸದ್ದು ಕೇಳಿಸಿತು. ಅಧೀಕ್ಷಕಿ ಅದನ್ನು ಕೇಳಿಯೂ ಗೆಣಸಿನವನಿಗೆ “ಹೋದ ಸಲ ಅರ್ಧಕ್ಕರ್ಧ ಹುಳ ಇತ್ತಲ್ಲಯ್ಯಾ” ಎನ್ನುತ್ತಲೇ ಇದ್ದರು.

8. ಬುಧವಾರ ಬೆಳಿಗ್ಗೆ ಕೋಚ್ ಕಚೇರಿಗೆ ಬರಲಿಲ್ಲ. ಅವರನ್ನು ತೆಗೆದವರು ಯಾರು ಎಂಬ ಬಗ್ಗೆ ಇಲಾಖೆ ನಡೆಸಿದ ವಿಚಾರಣೆಯ ಸಾರಾಂಶ ಹೀಗಿದೆ. ನಿರ್ದೇಶಕರು ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ, ಕುಲಪತಿಗಳು ತನ್ನನ್ನು ಕೇಳದೆಯೇ ತೆಗೆದಿದ್ದಾರೆ ಎಂದು ನೊಂದುಕೊಂಡರು. ಕುಲಪತಿಗಳು, ಇದು ಆಡಳಿತ ಮಂಡಳಿಯ ಕೈವಾಡ ಎಂದುಕೊಂಡರು. ಮಂಡಳಿಯವರು, ಪರವಾಗಿಲ್ಲವೇ, ನಮ್ಮ ನಿರ್ದೇಶಕನಿಗೂ ಕೊನೆಗೆ ಧೈರ್ಯ ಬಂತಲ್ಲ ಎಂದು ಸಂತೋಷಪಟ್ಟು ಅಭಿನಂದನಾ ಪತ್ರ ಕಳಿಸಿದರು. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಯಾರ ಹುದ್ದೆಗೂ ಶೋಭೆಯಲ್ಲವಾದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ. ಬುಧವಾರ ಹನ್ನೊಂದರ ಹೊತ್ತಿಗೆ, ಯಾರೂ ಹೊರಡಿಸದ ಆದೇಶ ಪೂರ್ತಿಯಾಗಿ ಜಾರಿಯಾಗಿ, ಹತ್ತನೇ ಕೋಚನ್ನು ಹುಡುಕುವ ಸಮಿತಿ ಕಾಫಿ ಕುಡಿಯುತ್ತಿತ್ತು.

9. ನಾಮಫಲಕದ ವಿಷಯ. ಹಿತ್ತಾಳೆ ಹಾಳಾಗಬಾರದೆಂಬ ಕಾಳಜಿಯಿಂದ ಇಲಾಖೆಯಲ್ಲಿ ಒಂದೇ ಫಲಕದ ಎರಡೂ ಬದಿ ಬಳಸುವ ಪದ್ಧತಿ ಇದೆ. ಒಬ್ಬರು ಹೋದಾಗ ತಿರುಗಿಸಿ ಹಿಂಬದಿಯಲ್ಲಿ ಮುಂದಿನವರ ಹೆಸರು ಕೆತ್ತಿಸುವುದು. ಬುಧವಾರ ಅರ್ಲಿಸ್ ಊದಿದ ದವಡೆಯೊಂದಿಗೆ ತಿರುಪುಳಿ ಹಿಡಿದು ಬಂದರು.

“ತಿರುಗಿಸ್ಲಾ ಮಿಸ್ ಲುವೆಲ್ಲಾ?”

“ಆರ್ಡರ್ ಎಲ್ಲಿ?”

“ರೇಡಿಯೋದಲ್ಲಿ ಬಂತಲ್ಲ.”

ತಿರುಗಿಸಿಯೇಬಿಟ್ಟರು. ಆದರೆ ಹಿಂಬದಿ ಖಾಲಿ ಇರಲಿಲ್ಲ. ಎಂಟನೆಯವರಾದ ಕೋಚ್ ಲೈಲ್ ಮೆಕ್‌ಕ್ರೇರಿಯವರ ಹೆಸರು ಅಲ್ಲೇ ಇತ್ತು. ಅದನ್ನು ಕಂಡ ಯಾರೋ ಫೋಟೋ ತೆಗೆದು ಹಾಕಿ, ಮೂರು ವರ್ಷದ ಹಿಂದೆ ಊರೇ ಸೇರಿ ಓಡಿಸಿದ್ದ ಮೆಕ್‌ಕ್ರೇರಿ ಮರಳಿ ಬರುತ್ತಾರೆಂದು ಸುದ್ದಿ ಹಬ್ಬಿತು. ಅರ್ಧ ಗಂಟೆಯಲ್ಲಿ ಅವರೇ ಫೋನ್ ಮಾಡಿದರು. “ಲುವೆಲ್ಲಾ, ನಾನು ವಾಪಸ್ ಬರ್ತಿದೀನಂತೆ. ನಿಜಾನಾ?” ಎಂದು ಕೇಳಿದ ದನಿಯಲ್ಲಿ ನಗು ಇರಲಿಲ್ಲ, ಆಸೆ ಇತ್ತು. ಅದರ ಹಿಂದಿನ ವಾರವಷ್ಟೇ ಅವರನ್ನು ಆಮೇಲೆ ಸೇರಿದ್ದ ಊರಿನಿಂದಲೂ ತೆಗೆದಿದ್ದರಂತೆ. “ಇಲ್ಲ ಕೋಚ್, ಅರ್ಲಿಸ್ ಕೈ ತಪ್ಪು” ಎಂದು ಹೇಳಬೇಕಾಗಿ ಬಂದದ್ದಕ್ಕೆ ಅಧೀಕ್ಷಕಿ ವಿಷಾದಿಸುತ್ತಾರೆ. ಇನ್ನು ಮುಂದೆ ಫಲಕದ ಹಿಂಬದಿಯಲ್ಲಿ ಹಕ್ಕಿಯ ಚಿತ್ರ ಇರತಕ್ಕದ್ದು. ಕೊಕ್ಕರೆಯಾದರೂ ಸರಿ.

10. ಬುಧವಾರ ಮಧ್ಯಾಹ್ನದ ಅಭ್ಯಾಸಕ್ಕೆ ತಂಡ ಮೈದಾನದಲ್ಲಿ ಸಾಲಾಗಿ ನಿಂತಿತ್ತು. ಸೀಟಿ ಊದುವವರಿಲ್ಲ. ತಂಡದ ನಾಯಕ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಕಚೇರಿಯ ಕಿಟಕಿಗೆ ಬಂದು, “ಮಿಸ್ ಲುವೆಲ್ಲಾ, ಇವತ್ತು ನಾವು ಯಾರ ಹತ್ರ ಬೈಸ್ಕೋಬೇಕು ಮೇಡಂ?” ಎಂದು ವಿಚಾರಿಸಿದನು. ಆಗ ಅಧೀಕ್ಷಕಿಯವರ ತಲೆಯಿಂದ ಗೆಣಸು ಇಳಿಯಿತು. ಪೆಟ್ಟಿಗೆ, ನಾಲ್ಕು ಬೆರಳು, ಟೇಪಿನ ಸದ್ದು, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ನಿರ್ದೇಶಕರ, ಕುಲಪತಿಗಳ ಕಚೇರಿಗಳಲ್ಲಿ ವಿಚಾರಿಸಿಕೊಂಡು, ಒಂದು ಪೈ ಎತ್ತಿಕೊಂಡು ಕೋಚ್ ಮನೆಗೆ ಹೊರಟರು. ಸರ್ಕಾರಿ ಕೆಲಸವೆಂದು ನಮೂದಿಸಲಾಗಿದೆ.

ಮನೆಯ ಮುಂದಿನ ಹುಲ್ಲಿನಲ್ಲಿ ‘ಮಾರಾಟಕ್ಕಿದೆ’ ಎಂಬ ಹಲಗೆ ನೆಟ್ಟಿತ್ತು. ನೆಟ್ಟವರು ಮನೆಯವರಲ್ಲ, ಅಭಿಮಾನಿಗಳು. ಕೋಚ್ ಅದನ್ನು ಕಿತ್ತು ಮಣ್ಣು ಕೊಡವುತ್ತಿದ್ದರು. ಅವರ ಹೆಂಡತಿ ಕೊರಾಲೀ ಬಾಗಿಲಲ್ಲಿ ಕೂತು ಗಾಜಿನ ಲೋಟಗಳನ್ನು ಪತ್ರಿಕೆಯ ಕ್ರೀಡಾಪುಟಗಳಲ್ಲಿ ಸುತ್ತುತ್ತಿದ್ದರು.

“ಬನ್ನಿ ಮಿಸ್ ಲುವೆಲ್ಲಾ. ಕುರ್ಚಿ ಎಲ್ಲಾ ಕಟ್ಟಾಗೋಯ್ತು, ಆ ಗಂಟಿನ ಮೇಲೆ ಕೂತ್ಕೊಳ್ಳಿ” ಎಂದರು ಕೊರಾಲೀ.

“ಇದೇನಮ್ಮಾ, ಮನೆ ಖಾಲಿ ಮಾಡ್ತಿದೀರಾ?”

“ಪೆಟ್ಟಿಗೆ ಕೊಟ್ಟೋರು ನೀವು, ಕೇಳೋರೂ ನೀವೇನಾ!”

“ಅಯ್ಯೋ ದೇವರೇ, ಅದು ಪೈಗೆ ಕಣಮ್ಮಾ!”

“ಯಾವ ಪೈಗೆ?”

ಕೈಯಲ್ಲಿದ್ದ ಪೈ ತಟ್ಟೆಯ ಮೇಲಿನ ಬಟ್ಟೆಯನ್ನು ಸಾಕ್ಷ್ಯವಾಗಿ ಸರಿಸಿ ತೋರಿಸಲಾಯಿತು. ಇನ್ನೂ ಬಿಸಿ ಇತ್ತು. ಕೊರಾಲೀ ಪೈಯನ್ನು ನೋಡಿದರು, ಗಂಡನನ್ನು ನೋಡಿದರು, ಸುತ್ತಿಟ್ಟ ಮೂವತ್ತಾರು ಲೋಟಗಳನ್ನು ನೋಡಿದರು.

“ರಾಯ್ಸ್, ಬಾ ಇಲ್ಲಿ. ನಿನ್ನ ತೆಗೆದಿಲ್ವಂತೆ.”

ಕೋಚ್ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡೇ ಬಂದರು. “ತೆಗೆದಿಲ್ವಾ? ಮತ್ತೆ ರೇಡಿಯೋದಲ್ಲಿ?”

“ಅವರು ನನ್ನ ನೋಡಿ ಹೇಳಿದ್ದು ಕೋಚ್. ನಿರ್ದೇಶಕರ ಕಚೇರಿ, ಕುಲಪತಿಗಳ ಕಚೇರಿ, ಎರಡೂ ಕಡೆ ಈಗಷ್ಟೇ ಕೇಳ್ಕೊಂಡು ಬಂದೆ. ಯಾರೂ ತೆಗೆದಿಲ್ಲ.”

“ಅಂದ್ರೆ ನನ್ನ ತೆಗೆದೋರು ನೀವು.”

“ನಾನಾ!”

“ಇನ್ಯಾರು? ಬೇರೆ ಯಾರೂ ಏನೂ ಮಾಡೇ ಇಲ್ವಲ್ಲ. ಹೋಗ್ಲಿ ಬಿಡಿ, ನಾಲ್ಕು ಊರಲ್ಲಿ ನನ್ನ ತೆಗೆದಿದ್ದಾರೆ, ಪೈ ತಂದ್ಕೊಟ್ಟೋರು ನೀವೊಬ್ರೇ.”

“ತಮಾಷೆ ಸಾಕು ಕೋಚ್. ಬಂದು ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

ಕೋಚ್ ಹಲಗೆಯನ್ನು ಗೋಡೆಗೆ ಒರಗಿಸಿದರು. ಅಲ್ಲಿ ಅಂಥವೇ ಇನ್ನೂ ಮೂರು ಇದ್ದವು. ಟೆಕ್ಸಸ್‌ನದೊಂದು, ಅರ್ಕಾನ್ಸಾದ್ದೊಂದು, ಲೂಸಿಯಾನಾದ್ದೊಂದು.

“ಕೇಳೋ ಅಭ್ಯಾಸ ತಪ್ಪಿಹೋಗಿದೆ ಮಿಸ್ ಲುವೆಲ್ಲಾ. ಮೊದಲನೇ ಊರಲ್ಲಿ ಒಂದಿನ ಬೆಳಿಗ್ಗೆ ಗೇಟಿನ ಕಾರ್ಡ್ ಕೆಲಸ ಮಾಡ್ಲಿಲ್ಲ. ಎರಡನೇ ಊರಲ್ಲಿ ಕ್ಷೌರದವನು ಕತ್ತಿ ಗಂಟಲಲ್ಲಿಟ್ಟು, ‘ಬೇಜಾರಾಯ್ತು ಕೋಚ್’ ಅಂದ. ಯಾಕಪ್ಪಾ ಅಂದ್ರೆ, ‘ನಿಮಗಿನ್ನೂ ಗೊತ್ತಿಲ್ವಾ’ ಅಂದ. ಮೂರನೇದ್ರಲ್ಲಿ ಬಾಗಿಲ ಹತ್ರ ಪೆಟ್ಟಿಗೆ. ಯಾರಾದ್ರೂ ಒಬ್ರು ಎದುರಿಗೆ ಕೂತು, ನನ್ನ ಮುಖ ನೋಡಿ, ‘ರಾಯ್ಸ್, ಆಗ್ತಿಲ್ಲ ಕಣಯ್ಯಾ, ಸಾಕು’ ಅಂದಿದ್ರೆ ಕೈ ಕುಲುಕಿ ಹೋಗ್ತಿದ್ದೆ. ಅಷ್ಟೂ ಇಲ್ಲ ಅಂದ್ಮೇಲೆ ಪೆಟ್ಟಿಗೆ ಕಂಡ್ರೆ ತುಂಬೋದು, ಅಷ್ಟೇ.”

ಅಧೀಕ್ಷಕಿ “ಹುಡುಗರು ಮೈದಾನದಲ್ಲಿ ಕಾಯ್ತಿದಾರೆ” ಎಂದಷ್ಟೇ ಹೇಳಿದರು. ಕೋಚ್ ಜೇಬು ತಡಕಿದರು. ಸೀಟಿ ಯಾವ ಪೆಟ್ಟಿಗೆಯಲ್ಲಿದೆಯೋ ನೆನಪಿಲ್ಲ. “ಬಾಯಲ್ಲೇ ಊದ್ತೀನಿ ನಡೀರಿ” ಎಂದರು.

“ಹೋಗು, ಹೋಗು. ಆದ್ರೆ ನಾನಂತೂ ಲೋಟ ಬಿಚ್ಚಲ್ಲ. ಶನಿವಾರ ಕಳೀಲಿ, ಅಲ್ಲೀವರ್ಗೂ ಕಾಗದದ ಲೋಟ” ಎಂದು ಕೊರಾಲೀ ಘೋಷಿಸಿದರು.

11. ಕೋಚ್ ಅದೇ ಮಧ್ಯಾಹ್ನ ನಾಲ್ಕು ಪೆಟ್ಟಿಗೆಗಳನ್ನೂ 
ಕೋಣೆಗೆ ಮರಳಿ ತಂದು, ಟೇಪು ಬಿಚ್ಚದೆ ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟರು. ಶನಿವಾರದ ಪಂದ್ಯದಲ್ಲಿ ಕೊಕ್ಕರೆ ತಂಡದವರು ಕೊನೆಯ ನಿಮಿಷದವರೆಗೆ ಮುಂದಿದ್ದು, ಇಪ್ಪತ್ತಕ್ಕೆ ಇಪ್ಪತ್ನಾಲ್ಕರಿಂದ ಸೋತರು. ಗೆಲ್ಲಿಸಬೇಕಿದ್ದ ಚೆಂಡು ಹುಡುಗನೊಬ್ಬನ ಎರಡೂ ಕೈಗೆ ಸರಿಯಾಗಿ ಬಂದು, ಎದೆಗೆ ಬಡಿದು, ನೆಲಕ್ಕೆ ಹೋಯಿತು. ಕೋಚ್ ಮೊದಲು ಓಡಿ ಹೋದದ್ದು ಆ ಹುಡುಗನ ಬಳಿಗೆ. ಏನು ಹೇಳಿದರೋ ಕೇಳಿಸಲಿಲ್ಲ. ಎದುರಿಗೆ ಮಂಡಿಯೂರಿ, ಮುಖ ನೋಡಿಯೇ ಹೇಳಿದರು.

12. ಈಗ ತಪ್ಪೊಪ್ಪಿಗೆ. ಈ ಇಲಾಖೆಯಲ್ಲಿ ತೆಗೆದುಹಾಕುವ ಪತ್ರ ಯಾವತ್ತೂ ಮೊದಲು ಹೋದದ್ದಿಲ್ಲ. ಮೊದಲು ಪೆಟ್ಟಿಗೆ, ಆಮೇಲೆ ಪತ್ರ. ನಿರ್ದೇಶಕರುಗಳು “ಪೆಟ್ಟಿಗೆ ಇದ್ಯಾ ಲುವೆಲ್ಲಾ” ಎನ್ನುವುದು, ಅಧೀಕ್ಷಕಿ ಕೊಂಡೊಯ್ದು ಬಾಗಿಲ ಬಳಿ ಇಡುವುದು, ಇಟ್ಟು ಚಪ್ಪಲಿಯ ಸದ್ದಾಗದಂತೆ ಮೆಟ್ಟಿಲಿಳಿಯುವುದು. ಹೀಗೆ ಎಂಟು ಬಾರಿ. ಎಂಟೂ ಬಾರಿ, ಇದು ನನ್ನ ಕೆಲಸವಲ್ಲ, ನಾನು ಬರೀ ರಟ್ಟು ಇಡುವವಳು ಎಂದುಕೊಂಡೇ ಇಳಿದಿರುತ್ತಾರೆ. ಎಂಟು ಮಂದಿಗೂ ಹೋಗುವಾಗ ಒಂದೊಂದು ಪೈ ಕೊಟ್ಟದ್ದುಂಟು. ಮುಖ ನೋಡಿ ಕೊಟ್ಟದ್ದಿಲ್ಲ, ಕಾರಿನ ಮುಂದಿನ ಸೀಟಿನಲ್ಲಿಟ್ಟು ಓಡಿ ಬಂದದ್ದು. ಇಲಾಖೆ ಹೇಡಿ ಎನ್ನುವುದಾದರೆ, ಇಲಾಖೆಯ ಕೈಕಾಲು ಯಾರದ್ದೆಂಬುದನ್ನು ಅಧೀಕ್ಷಕಿ ಬಲ್ಲರು.

13. ಆದುದರಿಂದ, ಈ ಸುತ್ತೋಲೆಗೆ ಸಹಿಯಾದ ಕ್ಷಣದಿಂದ ಜಾರಿಗೆ ಬರುವಂತೆ ಆದೇಶಿಸಲಾಗಿದೆ:

(ಅ) ಯಾವ ಮುಖ್ಯ ತರಬೇತುದಾರರನ್ನೂ ಪೆಟ್ಟಿಗೆ, ರೇಡಿಯೋ, ವಿಮಾನ, ನಾಯಿ, ಫಲಕ, ಹಲಗೆ, ಗೇಟಿನ ಕಾರ್ಡು ಅಥವಾ ಕ್ಷೌರಿಕರ ಮೂಲಕ ತೆಗೆಯತಕ್ಕದ್ದಲ್ಲ.

(ಆ) ತೆಗೆಯಬೇಕೆನ್ನುವವರು ಸ್ವತಃ ಮಹಡಿ ಹತ್ತಿ, ಬಾಗಿಲು ತಟ್ಟಿ, ಎದುರಿನ ಕುರ್ಚಿಯಲ್ಲಿ ಪೂರ್ತಿ ಕೂತು (ಅಂಚಿನಲ್ಲಿ ಕೂತದ್ದನ್ನು ಪರಿಗಣಿಸಲಾಗುವುದಿಲ್ಲ), ಅವರ ಹೆಸರು ಹಿಡಿದು ಕರೆದು, ತಮ್ಮ ಬಾಯಿಂದಲೇ ಹೇಳತಕ್ಕದ್ದು. ಫೋನನ್ನು ಮುಂಚಿತವಾಗಿ ಅಧೀಕ್ಷಕಿಯ ವಶಕ್ಕೆ ಕೊಟ್ಟು ಹೋಗುವುದು.

(ಇ) ಹೇಳುವ ಮೊದಲು ಇಬ್ಬರೂ ಒಂದೊಂದು ತುಂಡು ಸಿಹಿಗೆಣಸಿನ ಪೈ ತಿಂದು ಮುಗಿಸತಕ್ಕದ್ದು. ಬಾಯಲ್ಲಿ ಪೈ ಇರುವಾಗ ಹೇಳಿದ ಮಾತು ಊರ್ಜಿತವಲ್ಲ.

(ಈ) ಹೀಗೆ ಹೇಳುವವರೆಗೂ ಸದರಿ ತರಬೇತುದಾರರು ತರಬೇತುದಾರರೇ. ಹೇಳಲು ಬಾಯಿ ಬಾರದೆ ಮರಳಿದಲ್ಲಿ, ಆ ಪ್ರಯತ್ನ ಆ ಸಾಲಿಗೆ ಮುಗಿದಂತೆ. ಮುಂದಿನ ನವೆಂಬರಿನವರೆಗೆ ಮತ್ತೊಂದು ಪ್ರಯತ್ನಕ್ಕೆ ಅವಕಾಶವಿಲ್ಲ. ಗೆಣಸು ಬರುವುದೂ ಆಗಲೇ.

(ಉ) ಉಳಿದಿರುವ ಆರು ಪೆಟ್ಟಿಗೆಗಳನ್ನು ಪೈ ಕಳಿಸುವುದಕ್ಕಲ್ಲದೆ ಬೇರೆ ಉದ್ದೇಶಕ್ಕೆ ಯಾರಿಗೂ ಕೊಡತಕ್ಕದ್ದಲ್ಲ, ನಿರ್ದೇಶಕರಿಗೂ ಸಹ.

14. ಅಧೀಕ್ಷಕಿಯವರನ್ನೇ ತೆಗೆಯಬೇಕೆಂದು ಯಾರಿಗಾದರೂ ಅನ್ನಿಸಿದಲ್ಲಿ ಇದೇ ಕ್ರಮ ಅನ್ವಯ. ಪೈಯನ್ನು ಮಾತ್ರ ಅವರವರೇ ಮಾಡಿಕೊಂಡು ಬರಬೇಕು.

ಆದೇಶಾನುಸಾರ,

(ಲುವೆಲ್ಲಾ ಥ್ರ್ಯಾಶರ್)
ಕಚೇರಿ ಅಧೀಕ್ಷಕಿ

ಅನುಮೋದಿಸಲಾಗಿದೆ:

(ಹಾಲಿಸ್ ವ್ಯಾನ್‌ಡೈವರ್)
ಕ್ರೀಡಾ ನಿರ್ದೇಶಕರು
ಸೋಮವಾರ ಬೆಳಿಗ್ಗೆ 10.20. ಸಹಿ ಮಾಡುವಾಗ ಅಂಶ 2ರವರೆಗೆ ಓದಿ “ಹೆಲ್ಮೆಟ್ಟು ಅಂತ ಹೇಳೋದು ಒಳ್ಳೇ ಐಡಿಯಾ” ಎಂದಿರುತ್ತಾರೆ.

ಪ್ರತಿಗಳು:

1. ಕುಲಪತಿಗಳ ಕಚೇರಿಗೆ, ತಮಗೆ ಮೊದಲೇ ಗೊತ್ತಿತ್ತು ಎಂದು ಹೇಳಿಕೊಳ್ಳಲು ಅನುಕೂಲವಾಗುವಂತೆ.
2. ಆಡಳಿತ ಮಂಡಳಿಗೆ, ಅಭಿನಂದನಾ ಪತ್ರ ಹಿಂಪಡೆಯುವ ಕೋರಿಕೆಯೊಂದಿಗೆ.
3. ಹತ್ತನೇ ಕೋಚನ್ನು ಹುಡುಕುವ ಸಮಿತಿಗೆ. ಕಾಫಿ ಲೋಟ ತೊಳೆದಿಟ್ಟು ಹೋಗುವುದು.
4. ಶ್ರೀ ಅರ್ಲಿಸ್ ಅವರಿಗೆ, ಬೀಗದ ಕೈಗೆ ಇನ್ನೊಂದು ಜೋಡಿ ಮಾಡಿಸುವ ಸೂಚನೆಯೊಂದಿಗೆ.
5. ಗ್ಯಾರೇಜಿನ ಶ್ರೀ ಹಾರ್ಲನ್ ಅವರಿಗೆ. ಜೊತೆಗೆ ಹಾಡಿನ ಸಾಹಿತ್ಯ ಲಗತ್ತಿಸಿದೆ.
6. ಕೋಚ್ ಲೈಲ್ ಮೆಕ್‌ಕ್ರೇರಿ ಅವರಿಗೆ, ಒಂದು ಪೈಯೊಂದಿಗೆ. ಬರೀ ಮಾಹಿತಿಗಾಗಿ ಅಲ್ಲ.
7. ಕೋಚ್ ರಾಯ್ಸ್ ಟಿಲ್ಲರಿ ಅವರಿಗೆ. ಪ್ರತಿಯನ್ನು ಬಾಗಿಲ ಬಳಿ ಇಡದೆ, ಅಧೀಕ್ಷಕಿ ಖುದ್ದಾಗಿ ಒಳಗೆ ಹೋಗಿ ಕೈಗೆ ಕೊಟ್ಟಿರುತ್ತಾರೆ.
8. ಕಡತಕ್ಕೆ.

ಷರಾ (ಕಡತದ ಪ್ರತಿಯಲ್ಲಿ ಮಾತ್ರ):

ಸಹಿಯಾದ ಬಳಿಕ ನಿರ್ದೇಶಕರು ಪೆಟ್ಟಿಗೆ ಕೇಳಲಾಗಿ, ಅವರಿಗೆ ಅಂಶ 13(ಉ) ಓದಿ ಹೇಳಲಾಯಿತು. ಆಮೇಲೆ 13ನ್ನು ಪೂರ್ತಿಯಾಗಿ ಓದಿ ಹೇಳಲಾಯಿತು. “ಇದಕ್ಕೆ ನಾನು ಸಹಿ ಹಾಕಿದ್ನಾ?” “ಹಾಕಿದ್ರಿ ಮಿಸ್ಟರ್ ಹಾಲಿಸ್.” ಮಧ್ಯಾಹ್ನ ಮೂರಕ್ಕೆ ಅವರು ಫೋನನ್ನು ಅಧೀಕ್ಷಕಿಯ ಮೇಜಿನ ಮೇಲಿಟ್ಟು, ಟೈ ಸರಿಪಡಿಸಿಕೊಂಡು, ಪೈ ತಟ್ಟೆ ಹಿಡಿದು ಮಹಡಿ ಹತ್ತಿದರು. ಬಾಗಿಲು ತಟ್ಟಿದ್ದು, ಕುರ್ಚಿ ಎಳೆದದ್ದು ಕೆಳಗೆ ಕೇಳಿಸಿತು. ಮೆಟ್ಟಿಲ ಬಳಿ ನಿಂತಿದ್ದರಿಂದ ಮಾತೂ ಕೇಳಿಸಿತು.

“ರಾಯ್ಸ್.”

“ಹೇಳಿ ಮಿಸ್ಟರ್ ಹಾಲಿಸ್.”

ತಟ್ಟೆಗೆ ಚಮಚ ತಾಗಿದ ಸದ್ದು.

“ಆ ಹುಡುಗ ಹೇಗಿದಾನೆ? ಚೆಂಡು ಬಿಟ್ನಲ್ಲ, ಅವನು.”

“ನಿನ್ನೆ ಮನೆಗೆ ಕರ್ಕೊಂಡು ಬಂದಿದ್ದೆ. ಕಾಗದದ ಲೋಟದಲ್ಲಿ ಹಾಲು ಕುಡಿದು, ಸೋಫಾ ಮೇಲೆ ಮಲಗಿಬಿಟ್ಟ.”

“ಒಳ್ಳೇದಾಯ್ತು.” ಮತ್ತೆ ಚಮಚ. “ಗೆಣಸು ಈ ಊರಿಂದೇನಾ?”

“ಮಿಸ್ ಲುವೆಲ್ಲಾನ ಕೇಳ್ಬೇಕು.”

“ಕೇಳ್ತೀನಿ” ಎಂದು ನಿರ್ದೇಶಕರು ಎದ್ದು ಬಂದರು. ಕೆಳಗೆ ಬಂದು, ಫೋನ್ ತೆಗೆದುಕೊಂಡು, ಗೆಣಸಿನ ವಿಚಾರ ಕೇಳುವುದನ್ನೂ ಮರೆತು ತಮ್ಮ ಕೋಣೆಗೆ ಹೋದರು. ಅಂಶ 13(ಈ) ಅನ್ವಯ.

3.40ಕ್ಕೆ ಮಹಡಿಯಿಂದ ಟೇಪು ಕೀಳುವ ಸದ್ದು ಕೇಳಿಬಂದಿರುತ್ತದೆ. ಅಂಶ 3ರ ಉಲ್ಲಂಘನೆ, ಕ್ರಮ ಕೈಗೊಂಡಿಲ್ಲ. ಆಮೇಲೆ ಕೋಚ್ ಟಿಲ್ಲರಿಯವರು ಕೊರಳಲ್ಲಿ ಸೀಟಿ ಹಾಕಿಕೊಂಡು ಇಳಿದು ಬಂದು, ಚಪ್ಪಟೆಯಾಗಿ ಮಡಚಿದ ಒಂದು ಪೆಟ್ಟಿಗೆಯನ್ನು ಉಳಿದ ಆರರ ಮೇಲೆ ಇಟ್ಟು ಮೈದಾನಕ್ಕೆ ಹೋದರು.

ದಾಸ್ತಾನು: ಏಳು.